ಟೋನಿ ಕಾಲು ಗೆರೆ ದಾಟಿತ್ತು, ಒಪ್ಪಿದೆ. ಆದ್ರೆ ರೆಫರಿ ಮೊದಲೇ ಒಂದು ಮಾತು ಹೇಳ್ಬೇಕಿತ್ತಾ?

ಓವರ್‌ಲ್ಯಾಂಡ್‌ಪಾರ್ಕ್_ರಾಯ
ನಮ್ಮ ವಾಟ್ಸ್ಯಾಪ್ ಗುಂಪಲ್ಲಿ ಮೊನ್ನೆ ಮತ್ತೆ ಅದೇ ಜಗಳ ಎದ್ದಿದೆ, ಅಲ್ಲಿ ಮುಗಿಯೋ ಹಾಗೆ ಕಾಣಲ್ಲ, ಅದಕ್ಕೆ ಇಲ್ಲಿಗೆ ತಂದೆ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್, 2023ರ ಡಿಸೆಂಬರ್ 10, ನಮ್ಮ ಕಾನ್ಸಾಸ್ ಸಿಟಿ ಚೀಫ್ಸ್‌ನ ಮೈದಾನ ಆರೋಹೆಡ್, ಎದುರಿಗೆ ಬಫಲೋ ಬಿಲ್ಸ್. ಬಿಲ್ಸ್ 20, ನಾವು 17. ಆಟ ಮುಗಿಯೋಕೆ ಒಂದೂವರೆ ನಿಮಿಷವೂ ಇಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋ ಮುಖ್ಯ ಆಟಗಾರ) ಮಹೋಮ್ಸ್ ಎಸೆದ ಚೆಂಡನ್ನ ಕೆಲ್ಸಿ ಹಿಡಿದ, ಓಡ್ತಾ ಓಡ್ತಾನೇ ಮೈದಾನದ ಆ ಕಡೆ ಇದ್ದ ಕಡೇರಿಯಸ್ ಟೋನಿಗೆ ಹಿಂದಕ್ಕೆ ಎಸೆದ, ಟೋನಿ ಸೀದಾ ಗೋಲ್ ಗೆರೆ ದಾಟಿ ಟಚ್‌ಡೌನ್. 49 ಯಾರ್ಡ್. ಅಂಥ ಆಟ ಜನ್ಮಕ್ಕೊಂದು ಸಲ ಕಾಣೋದು. ನೋಡಿದ್ರೆ ಮೈದಾನದಲ್ಲಿ ಹಳದಿ ಬಟ್ಟೆ (ತಪ್ಪಾಗಿದೆ ಅಂತ ರೆಫರಿ ಎಸೆಯೋ ಫ್ಲ್ಯಾಗ್) ಬಿದ್ದಿದೆ. ಆಫೆನ್ಸಿವ್ ಆಫ್‌ಸೈಡ್. ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಆಗೋ ಹೊತ್ತಿಗೆ ಟೋನಿ ಕಾಲು ಚೆಂಡಿಗಿಂತ ಮುಂದಿತ್ತಂತೆ.

ಕಾಲು ಮುಂದಿತ್ತು, ನಾನೂ ನೋಡಿದೀನಿ. ನನ್ನ ತಕರಾರು ಬೇರೆ. ನಮ್ಮ ಕೋಚ್ ಆಂಡಿ ರೀಡ್ ಅವತ್ತು ಹೇಳಿದ್ದೇ ನನ್ನ ಮಾತು: ಇಂಥದ್ದಕ್ಕೆ ರೆಫರಿಗಳು ಸಾಮಾನ್ಯವಾಗಿ ಮೊದಲು ಎಚ್ಚರಿಕೆ ಕೊಡ್ತಾರೆ. ಅವತ್ತು ಮಾತ್ರ ಯಾಕೆ ಕೊಡಲಿಲ್ಲ?

ಬಫಲೋ_ಭಟ್ಟ
ಬಂತು ನೋಡಿ ವರ್ಷಾವಧಿ ಉತ್ಸವ.

ರಾಯರೇ, ಎಚ್ಚರಿಕೆ ಕೊಡಬೇಕು ಅಂತ ನಿಯಮದ ಪುಸ್ತಕದಲ್ಲಿ ಎಲ್ಲಿದೆ? ಪಂದ್ಯ ಮುಗಿದ ಮೇಲೆ ರೆಫರಿ ಕಾರ್ಲ್ ಶೆಫರ್ಸ್ ಪತ್ರಕರ್ತರಿಗೆ ಬಿಡಿಸಿ ಹೇಳಿದ್ದಾರೆ. ಆಟಗಾರ ಕೇಳಿದರೆ ಸರಿಯಾಗಿ ನಿಂತಿದ್ದಾನಾ ಇಲ್ಲವಾ ಹೇಳುತ್ತೇವೆ, ಆದರೆ ಎಲ್ಲಿ ನಿಲ್ಲಬೇಕು ಅನ್ನುವುದು ಅವನದೇ ಹೊಣೆ. ನಮಗೆ ಚೆಂಡೇ ಕಾಣದಷ್ಟು ಮುಂದೆ ನಿಂತವನಿಗೆ ಎಚ್ಚರಿಕೆ ಬೇಕಿಲ್ಲ ಅಂತ. ಟೋನಿ ಒಂದು ಸಲ ಪಕ್ಕಕ್ಕೆ ತಿರುಗಿ ಬೆರಳು ತೋರಿಸಿ ಕೇಳಿದ್ದರೆ ಮುಗಿದಿತ್ತು. ಹೈಸ್ಕೂಲ್ ರಿಸೀವರ್‌ಗಳೂ (ಎಸೆದ ಚೆಂಡು ಹಿಡಿಯುವವರು) ಅದನ್ನು ಮಾಡುತ್ತಾರೆ.

ದಂಡ ಬಿದ್ದದ್ದು ಯಾರಿಗೆ ಅಂತಲೂ ಬರೆಯಿರಿ. ರೆಫರಿಗಳ ಮೇಲೆ ಹರಿಹಾಯ್ದದ್ದಕ್ಕೆ ಮಹೋಮ್ಸ್‌ಗೆ 50,000 ಡಾಲರ್, ರೀಡ್‌ಗೆ ಒಂದು ಲಕ್ಷ.

ನಮ್ಮ್_ಆರ್ಸಿಬಿ
ಈ ಆಟ ನೋಡೋಕೆ ಶುರು ಮಾಡಿ ಒಂದು ಸೀಸನ್ ಆಯ್ತು ಅಷ್ಟೆ, ಬೈಬೇಡಿ. ಒಂದು ಅರ್ಥ ಆಗ್ತಿಲ್ಲ. ತಪ್ಪು ಆಗಿದ್ದು ಆಟ ಶುರುವಾಗೋ ಕ್ಷಣದಲ್ಲೇ. ಹಾಗಾದ್ರೆ ಅಲ್ಲೇ ಸೀಟಿ ಊದಿ ನಿಲ್ಲಿಸಬಹುದಿತ್ತಲ್ಲ? ಅಷ್ಟು ದೂರ ಓಡಿಸಿ, ಟಚ್‌ಡೌನ್ ಮಾಡಿಸಿ, ಆಮೇಲೆ ಇಲ್ಲ ಅನ್ನೋದು ಯಾವ ನ್ಯಾಯ?

ಪಟ್ಟೆ_ಅಂಗಿ
ಒಳ್ಳೆಯ ಪ್ರಶ್ನೆ. ನಾನು ಟೆಕ್ಸಾಸ್‌ನಲ್ಲಿ ವಾರಾಂತ್ಯಗಳಲ್ಲಿ ಶಾಲಾ ಪಂದ್ಯಗಳಿಗೆ ಗೆರೆಯ ಪಕ್ಕದ ಅಧಿಕಾರಿಯಾಗಿ ನಿಲ್ಲುತ್ತೇನೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ನ್ಯಾಪ್‌ಗೆ ಮುಂಚೆ ಚೆಂಡು ನೆಲದ ಮೇಲೆ ಉದ್ದಕ್ಕೆ ಕೂತಿರುತ್ತದೆ. ಅದರ ಈ ತುದಿಯಿಂದ ಆ ತುದಿವರೆಗೆ, ಅಂದರೆ ಸುಮಾರು 11 ಇಂಚು ಅಗಲದ ಪಟ್ಟಿ ಮೈದಾನದ ಅಡ್ಡಕ್ಕೂ ಚಾಚಿದೆ ಅಂದುಕೊಳ್ಳಿ. ಅದೇ ನ್ಯೂಟ್ರಲ್ ಝೋನ್. ಚೆಂಡು ಕೊಡುವ ಸೆಂಟರ್ ಒಬ್ಬನನ್ನು ಬಿಟ್ಟರೆ ಬೇರೆ ಯಾರ ಮೈಯೂ ಅದರೊಳಗೆ ಇರಬಾರದು.

ಫಾಲ್ಸ್ ಸ್ಟಾರ್ಟ್ ಬೇರೆ, ಆಫ್‌ಸೈಡ್ ಬೇರೆ. ಆಫೆನ್ಸ್‌ನವನು (ಚೆಂಡು ಕೈಯಲ್ಲಿರುವ ತಂಡದವನು) ಸ್ನ್ಯಾಪ್‌ಗೆ ಮೊದಲೇ ತಟ್ಟನೆ ಅಲುಗಿದರೆ ಫಾಲ್ಸ್ ಸ್ಟಾರ್ಟ್. ಅದು ಆದ ಕೂಡಲೇ ಸೀಟಿ, ಆಟವೇ ಶುರುವಾಗುವುದಿಲ್ಲ, 5 ಯಾರ್ಡ್ ಹಿಂದಕ್ಕೆ. ಆದರೆ ಗೆರೆ ದಾಟಿ ಸುಮ್ಮನೆ ನಿಂತಿರುವುದು ಅಪರಾಧ ಅಲ್ಲ, ಯಾಕೆಂದರೆ ಸ್ನ್ಯಾಪ್ ಆಗುವ ಮೊದಲು ಅವನು ಹಿಂದಕ್ಕೆ ಸರಿಯಬಹುದು. ಚೆಂಡು ಅಲುಗಿದ ಆ ಕ್ಷಣಕ್ಕೂ ಅಲ್ಲೇ ಇದ್ದರೆ ಮಾತ್ರ ತಪ್ಪು. ಅಷ್ಟರಲ್ಲಿ ಆಟ ಶುರುವಾಗಿಬಿಟ್ಟಿರುತ್ತದೆ. ಅದಕ್ಕೆ ಬಟ್ಟೆ ಎಸೆದು ಆಟ ಮುಗಿಯಲು ಬಿಡುತ್ತಾರೆ. ಎದುರಾಳಿಗೆ ಲಾಭವಾಗಿದ್ದರೆ ಅವರು ದಂಡ ಬೇಡ ಎನ್ನಬಹುದು. ಟೋನಿ ವಿಷಯದಲ್ಲಿ ಬಿಲ್ಸ್ ಬೇಡ ಎನ್ನುವ ಮಾತೇ ಇರಲಿಲ್ಲ.

ಅಂದರೆ ಸ್ನ್ಯಾಪ್‌ನ ಹೊತ್ತಿನಲ್ಲೇ ಬಟ್ಟೆ ಬಿದ್ದಿತ್ತು. ಕೆಲ್ಸಿ ಎಸೆದದ್ದು ನೋಡಿ ಯಾರೋ ಆಮೇಲೆ ತಡೆದರು ಅನ್ನುವುದು ಟಿವಿ ನೋಡುವವರಿಗೆ ಆಗುವ ಭ್ರಮೆ.

ಧಾರವಾಡ_ಪೇಢಾ
ಪಟ್ಟೆ ಸರ್ ಛಲೋ ಹೇಳಿದ್ರಿ. ಆದ್ರ ರಾಯರ ಮಾತಿನ್ಯಾಗೂ ಒಂದ್ ತೂಕ ಐತ್ರಿ. ವರ್ಷಾನುಗಟ್ಟಲೆ ರಿಸೀವರ್‌ಗೋಳು ನಾಕ್ ಇಂಚ್ ಮುಂದ ನಿಂತಾರ, ರೆಫರಿ "ಏ ಹಿಂದ ಸರಿಯೋ" ಅಂದಾನ, ಅವ ಸರದಾನ, ಆಟ ನಡದದ. ಇದು ರೂಢಿ. ಹಿಂಗ ರೂಢಿ ಮಾಡಿಟ್ಟು, ಪಂದ್ಯದ ಕಡೀ ಎರಡು ನಿಮಿಷದಾಗ ಪುಸ್ತಕ ತಗದು ಓದಾಕ ಕುಂತ್ರ ಸಿಟ್ಟು ಬರಂಗಿಲ್ಲೇನ್ರಿ? ಬಫಲೋ ಭಟ್ರ, ಎದೀ ಮ್ಯಾಲೆ ಕೈ ಇಟ್ಟು ಹೇಳ್ರಿ, ಇದು ನಿಮ್ಮ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್‌ಗ ಆಗಿದ್ರ ನೀವೂ ಹಿಂಗ ಮಾತಾಡ್ತಿದ್ರೇನು?

ಬಫಲೋ_ಭಟ್ಟ
ಮಾತಾಡ್ತಿರಲಿಲ್ಲ. ಟಿವಿ ಒಡೆಯುತ್ತಿದ್ದೆ. ಆದರೆ ಒಡೆದಾದ ಮೇಲೂ ಕಾಲು ಗೆರೆಯ ಆಚೆಗೇ ಇರುತ್ತಿತ್ತಲ್ಲ ಮಾರಾಯಾ!

ಮಿಶಿಗನ್_ಮಾಲತಿ
ಚೀಫ್ಸ್ ಅಭಿಮಾನಿಗಳು ರೂಢಿಯ ಬಗ್ಗೆ ಮಾತಾಡುವುದು ಕೇಳಿದರೆ ಡೆಟ್ರಾಯಿಟ್ ಲಯನ್ಸ್ ಅಭಿಮಾನಿಯಾದ ನನಗೆ ನಗು ಬರುತ್ತದೆ. ಅದೇ 2023ರ ಮೊದಲ ಪಂದ್ಯ, ಸೆಪ್ಟೆಂಬರ್ 7, ಅದೇ ಆರೋಹೆಡ್. ಚೀಫ್ಸ್‌ನ ರೈಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಆಟಗಾರ) ಜವಾನ್ ಟೇಲರ್ ರಾತ್ರಿಯಿಡೀ ಏನು ಮಾಡಿದ ಅಂತ ಮರೆತಿಲ್ಲ ತಾನೆ? ಸಾಲಿನಲ್ಲಿ ನಿಲ್ಲಬೇಕಾದವನು ಗೆರೆಯಿಂದ ಹಿಂದೆ ಹಿಂದೆ ನಿಂತ, ಮತ್ತೆ ಮತ್ತೆ ಸ್ನ್ಯಾಪ್‌ಗೂ ಒಂದು ಕೂದಲೆಳೆ ಮುಂಚೆ ಹಿಂದಕ್ಕೆ ಜಾರಿದ. ಎದುರಿಗೆ ನಮ್ಮ ಏಡನ್ ಹಚಿನ್‌ಸನ್. ಟಿವಿಯವರು ನಿಧಾನಗತಿಯಲ್ಲಿ ತೋರಿಸಿದ್ದೇ ತೋರಿಸಿದ್ದು. ಪಂದ್ಯದ ಬಹುಪಾಲು ಹೊತ್ತು ಅದಕ್ಕೆ ಫ್ಲ್ಯಾಗೇ ಬೀಳಲಿಲ್ಲ. 21-20ಕ್ಕೆ ನಾವೇ ಗೆದ್ದೆವು, ಇಲ್ಲದಿದ್ದರೆ ಇವತ್ತಿಗೂ ಕಿರುಚುತ್ತಿದ್ದೆ.

ಮುಂದಿನ ಪಂದ್ಯ ಜ್ಯಾಕ್ಸನ್‌ವಿಲ್‌ನಲ್ಲಿ, ಟೇಲರ್‌ನ ಹಳೆಯ ತಂಡದ ಎದುರು. ಅವನೊಬ್ಬನ ಮೇಲೇ ಐದು ಫ್ಲ್ಯಾಗ್. ಒಂದು ವಾರದಲ್ಲಿ ನಿಯಮ ಬದಲಾಯಿತಾ? ಇಲ್ಲ. ಊರೆಲ್ಲ ಮಾತಾಡಿಕೊಂಡಿತು, ರೆಫರಿಗಳ ಕಣ್ಣು ಅಲ್ಲಿಗೇ ಹೋಯಿತು. ನನಗೆ ನಿಜವಾಗಿ ಕೋಪ ಬರುವುದು ಇದಕ್ಕೆ. ತಪ್ಪು ಹಿಡಿಯುವುದು ಟಿವಿ ಕಾಮೆಂಟೇಟರ್ ಹೇಳಿದ ಮೇಲೆ ಅಂತಾದರೆ, ಕಾಮೆಂಟೇಟರ್ ಗಮನಿಸದ ತಂಡದ ಟ್ಯಾಕಲ್ ಹಾಯಾಗಿ ಜಾರಿಕೊಂಡೇ ಇರುತ್ತಾನೆ.

ಓವರ್‌ಲ್ಯಾಂಡ್‌ಪಾರ್ಕ್_ರಾಯ
ಮಾಲತಿ ಮೇಡಂ, ಟೇಲರ್ ವಿಷಯಕ್ಕೆ ನಾನು ವಕೀಲಿ ಮಾಡಲ್ಲ. ಆ ಸೀಸನ್ನಲ್ಲಿ ಅವನ ಫ್ಲ್ಯಾಗ್ ಎಣಿಸಿ ಎಣಿಸಿ ನಮಗೇ ಸಾಕಾಗಿತ್ತು.

ಆದ್ರೆ ಸ್ನ್ಯಾಪ್ ವಿಷಯದಲ್ಲಿ ನಮಗೆ ಬಿದ್ದಷ್ಟು ಪೆಟ್ಟು ಯಾರಿಗೂ ಬಿದ್ದಿಲ್ಲ. 2019ರ ಜನವರಿ 20 ನೆನಪಿದೆಯಾ? ಪೇಟ್ರಿಯಟ್ಸ್ ಎದುರು ಎಎಫ್‌ಸಿ ಫೈನಲ್, ಗೆದ್ದವರಿಗೆ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್. 28-24 ನಾವು ಮುಂದೆ, ಒಂದು ನಿಮಿಷವೂ ಉಳಿದಿಲ್ಲ. ಬ್ರೇಡಿ ಎಸೆದ ಚೆಂಡು ಗ್ರಾಂಕೌಸ್ಕಿ ಕೈಗೆ ತಾಗಿ ಮೇಲೆ ಹಾರಿತು, ಚಾರ್ವೇರಿಯಸ್ ವಾರ್ಡ್ ಹಿಡಿದೇಬಿಟ್ಟ. ಸೂಪರ್ ಬೌಲ್ ಟಿಕೆಟ್ ಕೈಗೆ ಬಂತು ಅಂದ್ಕೊಂಡ್ವಿ. ನೋಡಿದ್ರೆ ನಮ್ಮ ಡಿಫೆನ್ಸ್‌ನ ಡೀ ಫೋರ್ಡ್ ಆಫ್‌ಸೈಡ್. ಗೆರೆಯ ಆಚೆಗೇ ನಿಂತಿದ್ದ ಪುಣ್ಯಾತ್ಮ. ಬ್ರೇಡಿ ಮುಂದಿನ ಎಸೆತದಲ್ಲೇ ಗ್ರಾಂಕೌಸ್ಕಿಗೆ 25 ಯಾರ್ಡ್ ಕೊಟ್ಟ, ಟಚ್‌ಡೌನ್ ಹೊಡೆದ್ರು. ನಾವು ಹೇಗೋ 31-31 ಮಾಡಿದ್ವಿ, ಓವರ್‌ಟೈಮ್‌ನಲ್ಲಿ ಮಹೋಮ್ಸ್‌ಗೆ ಚೆಂಡೇ ಸಿಗಲಿಲ್ಲ, 37-31. ಎರಡು ತಿಂಗಳಲ್ಲಿ ಫೋರ್ಡ್‌ನ ನೈನರ್ಸ್‌ಗೆ ಕಳಿಸಿಬಿಟ್ರು.

ಪಟ್ಟೆ_ಅಂಗಿ
ರಾಯರೇ, ನೀವೇ ತಂದ ಉದಾಹರಣೆ ನಿಮ್ಮ ವಾದವನ್ನು ಬೀಳಿಸುತ್ತಿದೆ. ಫೋರ್ಡ್ ಪ್ರಸಂಗದಲ್ಲಿ "ಎಚ್ಚರಿಕೆ ಕೊಡಬೇಕಿತ್ತು" ಅಂತ ಯಾರೂ ದೊಡ್ಡದಾಗಿ ಕೂಗಲಿಲ್ಲ. ಎಲ್ಲರೂ ಫೋರ್ಡ್‌ನನ್ನೇ ಬೈದರು. ಡಿಫೆನ್ಸ್‌ನವನು ದಾಟಿದರೆ ಅವನ ತಪ್ಪು, ರಿಸೀವರ್ ದಾಟಿದರೆ ರೆಫರಿಯ ತಪ್ಪು ಅಂದರೆ ಹೇಗೆ? ವ್ಯತ್ಯಾಸ ಇಷ್ಟೇ: ಡಿಫೆನ್ಸಿವ್ ಆಫ್‌ಸೈಡ್ ಪ್ರತಿ ವಾರ ಕಾಣುತ್ತೇವೆ, ರಿಸೀವರ್ ಆಫ್‌ಸೈಡ್ ಅಪರೂಪ. ಅಪರೂಪವಾದದ್ದು ಅನ್ಯಾಯದಂತೆ ಕಾಣುತ್ತದೆ.

ಆದರೂ ಧಾರವಾಡದವರು ಎತ್ತಿದ ರೂಢಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾವು ಮೈದಾನದಲ್ಲಿ ಮಾತಾಡುತ್ತಲೇ ಇರುತ್ತೇವೆ. "ನಂಬರ್ ಇಂಥದ್ದು, ಅರ್ಧ ಹೆಜ್ಜೆ ಹಿಂದೆ", "ಕೈ ಒಳಗೆ", ಹೀಗೆ. ಫ್ಲ್ಯಾಗ್ ಹಾಕದೆ ಆಟ ಚೊಕ್ಕವಾಗಿ ನಡೆಯಲಿ ಅಂತ ಕಲಿಸಿದ್ದೇ ಹಾಗೆ. ತೊಡಕು ಎಲ್ಲಿ ಬರುತ್ತದೆಂದರೆ, ನಾವು ಉಪಕಾರಕ್ಕೆ ಹೇಳಿದ ಮಾತನ್ನು ಕೋಚ್‌ಗಳು ಹಕ್ಕು ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಪಂದ್ಯದಲ್ಲಿ ಹೇಳಲು ಪುರುಸೊತ್ತಾಗದಿದ್ದರೆ "ನಮಗೆ ಹೇಳಲೇ ಇಲ್ಲ" ಅಂತ ಬರುತ್ತಾರೆ. ಒಂದೋ ಈ ಎಚ್ಚರಿಕೆಯನ್ನು ನಿಯಮದಲ್ಲೇ ಬರೆಯಬೇಕು, ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಫ್ಲ್ಯಾಗ್ ಅಂತ. ಇಲ್ಲವೇ ಪೂರ್ತಿ ಬಿಡಬೇಕು. ನನ್ನನ್ನು ಕೇಳಿದರೆ ಬಿಡುವುದೇ ವಾಸಿ. ಬರೆದಿಟ್ಟರೆ ಪ್ರತಿ ರಿಸೀವರೂ ಮೊದಲ ಸಲವನ್ನು ಬೇಕೆಂದೇ ಬಳಸಿಕೊಳ್ಳುತ್ತಾನೆ.

ನಮ್ಮ್_ಆರ್ಸಿಬಿ
ಗೆರೆ ಅಂದ ಕೂಡಲೇ ನನಗೆ ಹೊಟ್ಟೆ ಉರಿಯೋದು ಬೇರೆಯದಕ್ಕೆ. 2019 ಮಾರ್ಚ್ 28, ಚಿನ್ನಸ್ವಾಮಿ. ಕೊನೇ ಬಾಲಿಗೆ 7 ಬೇಕು, ಮಾಲಿಂಗ ಕಾಲು ಗೆರೆ ದಾಟಿ ಹಾಕಿದ, ಅಂಪೈರ್ ನೋಡಲೇ ಇಲ್ಲ. ನಾವು 6 ರನ್ನಿಗೆ ಸೋತ್ವಿ, ಎಬಿಡಿ 70 ಹೊಡೆದು ಆ ತುದೀಲಿ ನಿಂತೇ ಇದ್ದ. ಇದು ಐಪಿಎಲ್, ಕ್ಲಬ್ ಕ್ರಿಕೆಟ್ ಅಲ್ಲ ಅಂತ ಕೊಹ್ಲಿ ಕೆಂಡ ಕಾರಿದ್ದ. ಮುಂದಿನ ವರ್ಷದಿಂದ ಮುಂಗಾಲಿನ ನೋಬಾಲ್ ನೋಡೋ ಕೆಲಸ ಟಿವಿ ಅಂಪೈರ್‌ಗೇ ಕೊಟ್ರು, ಆ ಗಲಾಟೆ ಅಲ್ಲಿಗೆ ಮುಗೀತು. ಇಷ್ಟು ದುಡ್ಡಿರೋ ಎನ್‌ಎಫ್‌ಎಲ್ ಯಾಕೆ ಹಾಗೆ ಮಾಡಲ್ಲ?

ಮಿಶಿಗನ್_ಮಾಲತಿ
ಆಫ್‌ಸೈಡ್, ಫಾಲ್ಸ್ ಸ್ಟಾರ್ಟ್ ಎರಡಕ್ಕೂ ರಿವ್ಯೂ ಇಲ್ಲ ಇವರೇ. ಕೋಚ್ ಕೆಂಪು ಬಟ್ಟೆ ಎಸೆದರೂ ಕೇಳುವವರಿಲ್ಲ. ಮೈದಾನದಲ್ಲಿ 12 ಜನ ಇದ್ದರಾ ಅನ್ನುವುದಕ್ಕೆ ರಿವ್ಯೂ ಇದೆ, ಅವರಲ್ಲಿ ಒಬ್ಬನ ಕಾಲು ಎಲ್ಲಿತ್ತು ಅನ್ನುವುದಕ್ಕೆ ಇಲ್ಲ.

ಗಡಿಯಾರದ ಕತೆ ಇನ್ನೂ ಚೆಂದ. 2021ರ ಸೆಪ್ಟೆಂಬರ್ 26, ಫೋರ್ಡ್ ಫೀಲ್ಡ್, ರೇವನ್ಸ್ ಎದುರು. ನಾವು 17-16 ಮುಂದೆ. ಕೊನೆಯ ಸೆಕೆಂಡುಗಳಲ್ಲಿ ಲಮಾರ್ ಜಾಕ್ಸನ್ ಸ್ನ್ಯಾಪ್ ತೆಗೆದುಕೊಳ್ಳುವಷ್ಟರಲ್ಲಿ ಪ್ಲೇ ಕ್ಲಾಕ್ (ಸ್ನ್ಯಾಪ್‌ಗೆ ಕೊಡುವ ಸಮಯದ ಗಡಿಯಾರ) ಸೊನ್ನೆಗೆ ಬಂದು ನಿಂತಿತ್ತು. ಟಿವಿ ಪರದೆಯ ಮೇಲೆ ಇಡೀ ದೇಶಕ್ಕೇ ಕಾಣುತ್ತಿತ್ತು. ತಡ ಮಾಡಿದ್ದಕ್ಕೆ ಬೀಳುವ ದಂಡ, ಡಿಲೇ ಆಫ್ ಗೇಮ್, ಕೊಡಲಿಲ್ಲ. ಮುಂದಿನ ಆಟದಲ್ಲಿ ಅವರ ಜಸ್ಟಿನ್ ಟಕರ್ 66 ಯಾರ್ಡ್‌ನಿಂದ ಫೀಲ್ಡ್ ಗೋಲ್ (ಒದ್ದು ಗಳಿಸುವ 3 ಅಂಕ) ಒದ್ದ, ಚೆಂಡು ಅಡ್ಡಪಟ್ಟಿಗೆ ಬಡಿದು ಪುಟಿದು ಆಚೆ ಬಿತ್ತು, ಆಗಿನ ದಾಖಲೆ, 19-17. ಆ 5 ಯಾರ್ಡ್ ದಂಡ ಬಿದ್ದಿದ್ದರೆ 71 ಯಾರ್ಡ್‌ನಿಂದ ಒದೆಯಬೇಕಿತ್ತು. 66ಕ್ಕೇ ಪಟ್ಟಿಗೆ ಬಡಿದದ್ದು 71ಕ್ಕೆ ಎಲ್ಲಿ ಬೀಳುತ್ತಿತ್ತು ಅಂತ ಲೆಕ್ಕ ಹಾಕಲು ನ್ಯೂಟನ್ ಬೇಕಿಲ್ಲ.

ಪಟ್ಟೆ_ಅಂಗಿ
ಇದಕ್ಕೆ ಕಾರಣ ಇದೆ, ಸಮಾಧಾನ ಆಗದಿದ್ದರೂ ಕೇಳಿ. ಪ್ಲೇ ಕ್ಲಾಕ್ ನೋಡುವುದು ಬ್ಯಾಕ್ ಜಡ್ಜ್, ಡಿಫೆನ್ಸ್‌ನ ಹಿಂದೆ ದೂರದಲ್ಲಿ ನಿಂತವರು. ಅವರು ಗಡಿಯಾರ ಸೊನ್ನೆ ಆಗುವುದನ್ನು ಮೊದಲು ನೋಡಬೇಕು, ಆಮೇಲೆ ಕಣ್ಣು ಚೆಂಡಿನತ್ತ ತಿರುಗಿಸಬೇಕು. ಆಗಲೂ ಚೆಂಡು ಅಲುಗಿರದಿದ್ದರೆ ಫ್ಲ್ಯಾಗ್. ಎರಡು ಕಣ್ಣಿನಿಂದ ಎರಡು ಕಡೆ ಒಟ್ಟಿಗೆ ನೋಡಲು ಬರುವುದಿಲ್ಲವಲ್ಲ. ಹಾಗಾಗಿ ಸೊನ್ನೆ ಆದ ಮೇಲೂ ಒಂದಿಷ್ಟು ಹೊತ್ತು ಆಫೆನ್ಸ್‌ಗೆ ಪುಕ್ಕಟೆ ಸಿಗುತ್ತದೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳಿಗೆಲ್ಲ ಇದು ಗೊತ್ತು. ಅವತ್ತು ಡೆಟ್ರಾಯಿಟ್‌ನಲ್ಲಿ ಸಿಕ್ಕಿದ್ದು ಆ ಪುಕ್ಕಟೆ ಪಾಲಿಗಿಂತಲೂ ಜಾಸ್ತಿ, ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಆಟ ನಡೆಯುವಾಗ ನೋಡಬೇಕಾದದ್ದು ಇನ್ನೂ ಇರುತ್ತದೆ. ಗೆರೆಯ ಒಂದು ತುದಿಯಲ್ಲಿ ಡೌನ್ ಜಡ್ಜ್, ಇನ್ನೊಂದು ತುದಿಯಲ್ಲಿ ಲೈನ್ ಜಡ್ಜ್. ಎಲ್ಲರೂ ಒಂದು ಸೆಕೆಂಡ್ ಅಲುಗದೆ ನಿಂತರಾ, ಒಬ್ಬನೇ ಮೋಷನ್‌ನಲ್ಲಿ (ಚಲಿಸುತ್ತಾ) ಇದ್ದಾನಾ, ಅವನು ಮುಂದಕ್ಕೆ ಬರುತ್ತಿಲ್ಲ ತಾನೆ, ಟ್ಯಾಕಲ್ ಗೆರೆಯ ಮೇಲಿದ್ದಾನಾ, ಎದುರಿನವನು ಮೊದಲು ಜಗ್ಗಿದನಾ ಇವನಾ. ಇಷ್ಟಕ್ಕೂ ಸಿಗುವುದು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು.

ಕುಡ್ಲ_ಇನ್_ಫಿಲ್ಲಿ
ನಾನು ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ, ಯಾರಾದ್ರೂ ನಮ್ಮ ಫಿಲಡೆಲ್ಫಿಯಾ ಈಗಲ್ಸ್‌ನ ಟಶ್ ಪುಶ್ (ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ತಳ್ಳಿ ಮುಂದೆ ನುಗ್ಗಿಸುದು) ಎತ್ತಿಯೇ ಎತ್ತುತ್ತಾರೆ ಅಂತ. ಎತ್ತಲಿಲ್ಲ ನೋಡಿ, ಆಶ್ಚರ್ಯ!

ಓವರ್‌ಲ್ಯಾಂಡ್‌ಪಾರ್ಕ್_ರಾಯ
ಎತ್ತೋಕೇ ಬರ್ತಿದ್ದೆ ಗುರು. 2025 ಸೆಪ್ಟೆಂಬರ್ 14. ಈಗಲ್ಸ್ ನಮ್ಮನೇಲಿ 20-17 ಗೆದ್ರು. ಆ ಪುಶ್ ಮಾಡುವಾಗ ನಿಮ್ಮ ಗಾರ್ಡ್‌ಗಳು ಸ್ನ್ಯಾಪ್‌ಗೂ ಮುಂಚೆ ಹೊರಟಿದ್ದನ್ನ ಕುರುಡನೂ ನೋಡಬಹುದಿತ್ತು. ಟೋನಿ ಕಾಲು ಕಂಡ ಕಣ್ಣಿಗೆ ಇದು ಯಾಕೆ ಕಾಣಲಿಲ್ಲ?

ಕುಡ್ಲ_ಇನ್_ಫಿಲ್ಲಿ
ಒಂದೆರಡು ಸಲ ಮುಂಚೆ ಹೋದದ್ದು ಉಂಟು, ನಾನು ಇಲ್ಲ ಹೇಳುದಿಲ್ಲ. ಆದ್ರೆ ಅದಕ್ಕೆ ಆಟವನ್ನೇ ನಿಷೇಧ ಮಾಡ್ಬೇಕು ಹೇಳುದು ಎಂತ ಲಾಜಿಕ್ ಮಾರಾಯ್ರೆ? ಆ ವರ್ಷ ಮೇಯಲ್ಲಿ ಪ್ಯಾಕರ್ಸ್‌ನವರ ಪ್ರಸ್ತಾಪ ಮತಕ್ಕೆ ಬಂತು, 22-10. ಬೇಕಾದದ್ದು 24. ಎರಡು ಮತದಲ್ಲಿ ಬಿದ್ದುಹೋಯ್ತು. ನಿಷೇಧ ಆಗ್ಲಿಲ್ಲ ಅಂತ ಗೊತ್ತಾದ ಮೇಲೆ ಎಲ್ರೂ ಫಾಲ್ಸ್ ಸ್ಟಾರ್ಟ್ ಹುಡುಕ್ಲಿಕ್ಕೆ ಶುರು ಮಾಡಿದ್ದು. ನಿಮ್ಮ ಪಂದ್ಯದ ದಿನ ಫಾಕ್ಸ್ ಚಾನೆಲ್‌ನಲ್ಲಿ ಡೀನ್ ಬ್ಲಾಂಡಿನೋ, ಲೀಗ್‌ನ ರೆಫರಿಗಳಿಗೆ ಹಿಂದೆ ಮುಖ್ಯಸ್ಥ ಆಗಿದ್ದವರು, ಇದನ್ನು ಜಡ್ಜ್ ಮಾಡ್ಲಿಕ್ಕೇ ಕಷ್ಟ, ನನಗೆ ಸಾಕಾಯ್ತು ಅಂದ್ರು. ಅದ್ರ ನಂತರ ಲೀಗ್‌ನವರೂ ರೆಫರಿಗಳಿಗೆ ಇದನ್ನು ಬಿಗಿಯಾಗಿ ನೋಡಿ ಅಂತ ವಿಡಿಯೋ ಕಳಿಸಿದ್ದು ಸುದ್ದಿ ಆಯ್ತು.

ಈಗ ಇನ್ನೊಂದು ಬದಿ ಕೇಳಿ. ಅದೇ ವರ್ಷ ಜನವರಿ 26, ನಮ್ಮ ಲಿಂಕನ್ ಫೈನಾನ್ಶಿಯಲ್ ಫೀಲ್ಡ್, ಕಮಾಂಡರ್ಸ್ ಎದುರು ಎನ್‌ಎಫ್‌ಸಿ ಫೈನಲ್. ನಾವು ಎಂಡ್ ಝೋನ್ ಬಾಗಿಲಲ್ಲಿ, ಒಂದು ಯಾರ್ಡೂ ಇಲ್ಲ. ಅವರ ಫ್ರಾಂಕೀ ಲೂವು ಸ್ನ್ಯಾಪ್‌ಗೆ ಮೊದ್ಲೇ ಸಾಲಿನ ಮೇಲಿಂದ ಹಾರಿ ಬಂದ. ಫ್ಲ್ಯಾಗ್. ಮತ್ತೆ ಹಾರಿದ. ಮತ್ತೆ ಫ್ಲ್ಯಾಗ್. ಆಮೇಲೆ ಇನ್ನೊಬ್ಬನೂ ಮುಂಚೆ ನುಗ್ಗಿದ. ದಂಡ ಎಂತ? ಗೋಲ್ ಗೆರೆಗೆ ಇರುವ ದೂರದ ಅರ್ಧ. ಅರ್ಧ ಯಾರ್ಡಿನ ಅರ್ಧ, ಅದರ ಅರ್ಧ! ಅವರಿಗೆ ನಷ್ಟವೇ ಇಲ್ಲ. ಕೊನೆಗೆ ರೆಫರಿ ಶಾನ್ ಹೋಕುಲಿ ಮೈಕ್ ಹಿಡ್ದು ಹೇಳಿದ್ರು, ಇನ್ನು ಹೀಗೆ ಮಾಡಿದ್ರೆ ಎದುರಿನವರಿಗೆ ಅಂಕವನ್ನೇ ಕೊಡ್ಲಿಕ್ಕೆ ಆಗ್ತದೆ ಅಂತ. ಆಡದೇ ಟಚ್‌ಡೌನ್! ನಾನು ಕಾಫಿ ಚೆಲ್ಲಿಕೊಂಡೆ.

ಧಾರವಾಡ_ಪೇಢಾ
ಅದನ್ನ ನಾನೂ ಲೈವ್ ನೋಡೇನ್ರಿ! ನಮ್ಮ ಮನ್ಯಾಗ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ, ಹಿಂಗೂ ಒಂದ್ ನಿಯಮ ಐತೇನಂತ.

ಪಟ್ಟೆ_ಅಂಗಿ
ಇದೆ. ತೀರಾ ಮಿತಿಮೀರಿದ ಅನ್ಯಾಯದ ಕೃತ್ಯಕ್ಕೆ ರೆಫರಿ ತಾನು ಸರಿ ಕಂಡಂತೆ ಪರಿಹಾರ ಕೊಡಬಹುದು, ಅಂಕವೂ ಸೇರಿ. ಅವತ್ತು ಕೊಡುವ ಅಗತ್ಯ ಬರಲಿಲ್ಲ, ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್ ಆಮೇಲೆ ನುಗ್ಗಿ ದಾಟಿದ. ಪಂದ್ಯ 55-23.

ಗಮನಿಸಿ, ಅಲ್ಲಿ ಹೋಕುಲಿ ಮೊದಲು ಎಚ್ಚರಿಕೆ ಕೊಟ್ಟರು. ದಂಡ ಅಷ್ಟು ದೊಡ್ಡದಿದ್ದಾಗ ಎಚ್ಚರಿಕೆ ಸರಿಯಾದ ಕ್ರಮ. 5 ಯಾರ್ಡ್‌ನ ಆಫ್‌ಸೈಡ್‌ಗೂ ಅದೇ ಉಪಚಾರ ಬೇಕು ಎನ್ನುವುದು ಅತಿಯಾಯಿತು.

ಓವರ್‌ಲ್ಯಾಂಡ್‌ಪಾರ್ಕ್_ರಾಯ
5 ಯಾರ್ಡ್ ಅಲ್ಲ ಸರ್, ಒಂದು ಟಚ್‌ಡೌನ್ ಹೋಯ್ತು. ಕೆಲ್ಸಿ ಆ ಎಸೆತ ಎಸೆದಾಗ ಟೋನಿ ಮೊದಲು ನಿಂತಿದ್ದ ಜಾಗದಿಂದ ಎಷ್ಟೋ ದೂರ ಬಂದಾಗಿತ್ತು. ಆ ನಾಲ್ಕು ಇಂಚಿಂದ ಅವನಿಗೆ ಏನೂ ಲಾಭ ಆಗಿಲ್ಲ.

ಬಫಲೋ_ಭಟ್ಟ
ಮಾಲಿಂಗನಿಗೂ ಆ ಒಂದೆರಡು ಇಂಚಿನಿಂದ ಲಾಭ ಆಗಿರಲಿಲ್ಲ. ನಮ್ಮ ಆರ್ಸಿಬಿ ತಮ್ಮನನ್ನು ಕೇಳಿ, ಬಿಟ್ಟುಬಿಡುತ್ತಾನಾ ಅಂತ.

ನಮ್ಮ್_ಆರ್ಸಿಬಿ
ಸಾಯೋವರೆಗೂ ಬಿಡಲ್ಲ 😂

ಆದ್ರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕ್ಯಾಮೆರಾಗೆ ಕೊಟ್ರೆ ಏನು ಕಷ್ಟ?

ಮಿಶಿಗನ್_ಮಾಲತಿ
ನಾನು ಸಾಫ್ಟ್‌ವೇರ್‌ನವಳು, ನನಗೆ ತಿಳಿದಷ್ಟು ಹೇಳುತ್ತೇನೆ. ಆಟಗಾರರ ಶೋಲ್ಡರ್ ಪ್ಯಾಡ್‌ನಲ್ಲಿ ಚಿಪ್ ಇದೆ, ಚೆಂಡಿನಲ್ಲೂ ಇದೆ. ಆದರೆ ಭುಜದಲ್ಲಿರುವ ಚಿಪ್‌ಗೆ ಪಾದ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಬಗ್ಗಿ ನಿಂತವನ ಭುಜ ಮುಂದೆ ಇರುತ್ತದೆ, ಕಾಲು ಹಿಂದೆ. ಟೋನಿಯ ತಪ್ಪು ಕಾಲಿನದು.

2025ರಿಂದ ಹಾಕ್-ಐ ಕ್ಯಾಮೆರಾ ಬಂದಿದೆ, ಪ್ರತಿ ಕ್ರೀಡಾಂಗಣದಲ್ಲೂ ಆರು, 8ಕೆ ಗುಣಮಟ್ಟದವು. ಬೇಕಾದ 10 ಯಾರ್ಡ್ ದಾಟಿ ಫಸ್ಟ್ ಡೌನ್ ಆಯಿತಾ ಅಂತ ಸರಪಳಿ ಎಳೆದು ಅಳೆಯುವ ಬದಲು ಈಗ ಅದರಲ್ಲೇ ಅಳೆಯುತ್ತಾರೆ. ಆದರೆ ಚೆಂಡು ಎಲ್ಲಿ ಇಡಬೇಕು ಅನ್ನುವುದನ್ನು ಈಗಲೂ ಮನುಷ್ಯರೇ ತೀರ್ಮಾನಿಸುತ್ತಾರೆ, ಯಂತ್ರ ಅಳೆಯುವುದು ಇಟ್ಟ ಮೇಲೆ. ಸುಮ್ಮನೆ ಕೂತ ಚೆಂಡನ್ನು ಅಳೆಯಬಲ್ಲ ಕ್ಯಾಮೆರಾ, ಸುಮ್ಮನೆ ನಿಂತ ರಿಸೀವರ್‌ನ ಕಾಲನ್ನು ಯಾಕೆ ಅಳೆಯಬಾರದು? ನನ್ನ ಮಟ್ಟಿಗೆ ಇದು ಆಗಬೇಕಾದ ಕೆಲಸ. ಫಾಲ್ಸ್ ಸ್ಟಾರ್ಟ್ ಬೇರೆ ಮಾತು. ಅಲ್ಲಿ ಕಣ್ಣು ಮಿಟುಕಿಸುವಷ್ಟರ ಚಲನೆಗೆ ಅರ್ಥ ಹಚ್ಚಬೇಕು, ಯಾರು ಯಾರನ್ನು ನೋಡಿ ಬೆದರಿದರು ಅಂತ. ಅದು ಕ್ಯಾಮೆರಾ ಮಾಡುವ ಕೆಲಸ ಅಲ್ಲ.

ಪಟ್ಟೆ_ಅಂಗಿ
ಮೇಡಂ ಹೇಳಿದ ಆ ಭೇದ ಸರಿಯಾಗಿದೆ. ನಿಂತ ಜಾಗಕ್ಕೆ ಯಂತ್ರ, ಚಲನೆಗೆ ಮನುಷ್ಯ. ನನಗಿರುವ ಹೆದರಿಕೆ ಒಂದೇ. ಯಂತ್ರ ಕೊಟ್ಟರೆ ನಾಲ್ಕು ಇಂಚೂ ಸಿಗುತ್ತದೆ, ಅರ್ಧ ಇಂಚೂ ಸಿಗುತ್ತದೆ. ಆಗ ಒಂದು ಪಂದ್ಯಕ್ಕೆ ಎಷ್ಟು ಫ್ಲ್ಯಾಗ್ ಬೀಳಬಹುದು ಅಂತ ಯೋಚಿಸಿ. ಟೇಲರ್‌ಗೆ ಜ್ಯಾಕ್ಸನ್‌ವಿಲ್‌ನಲ್ಲಿ ಆದದ್ದು ಎಲ್ಲರಿಗೂ, ಎಲ್ಲ ವಾರವೂ.

ಬಫಲೋ_ಭಟ್ಟ
ಬೀಳಲಿ ಬಿಡಿ. ಒಂದು ತಿಂಗಳು ಬಿದ್ದರೆ ಎಲ್ಲ ಕೋಚ್‌ಗಳೂ ಹುಡುಗರಿಗೆ ನಿಲ್ಲುವುದು ಕಲಿಸುತ್ತಾರೆ.

ರಾಯರೇ, ಕೊನೆಯದಾಗಿ ಒಂದು ಮಾತು. ಆ ಫ್ಲ್ಯಾಗ್‌ನಿಂದ ನಮಗೆ ಸಿಕ್ಕಿದ್ದು ಡಿಸೆಂಬರ್‌ನ ಒಂದು ಗೆಲುವು. ಆರು ವಾರ ಕಳೆದು ಪ್ಲೇಆಫ್‌ಗೆ ನಮ್ಮ ಬಫಲೋಗೇ ಬಂದು 27-24 ಹೊಡೆದುಕೊಂಡು ಹೋದಿರಿ. ನಮ್ಮ ಕಿಕ್ಕರ್ ಬ್ಯಾಸ್ ಒದ್ದ ಚೆಂಡು ಬಲಕ್ಕೆ ಹೋಯಿತು. ಆಮೇಲೆ ಸೂಪರ್ ಬೌಲನ್ನೂ ಗೆದ್ದಿರಿ, ಟೋನಿ ಆಡದೆಯೇ. ಇನ್ನೂ ನೀವೇ ಅಳುತ್ತೀರಲ್ಲ?

ಓವರ್‌ಲ್ಯಾಂಡ್‌ಪಾರ್ಕ್_ರಾಯ
ಟ್ರೋಫಿ ಬೇರೆ, ಕೆಲ್ಸಿ ಎಸೆತ ಬೇರೆ ಭಟ್ರೇ. ಆ ಆಟ ದಾಖಲೆಯಲ್ಲೇ ಇಲ್ಲ, ಅದು ನಡೆದೇ ಇಲ್ಲ ಅಂತ ಲೆಕ್ಕ. ಅದಕ್ಕೆ ಅಳೋದು.

ನಮ್ಮ್_ಆರ್ಸಿಬಿ
ಇನ್ನೊಂದೇ ಒಂದು ಡೌಟ್. ಟಿವಿಯಲ್ಲಿ ಒಂದು ನೀಲಿ ಗೆರೆ ಬರುತ್ತಲ್ಲ, ಅದು ನೋಡಿ ನಾವೇ ಆಫ್‌ಸೈಡ್ ಹೇಳಬಹುದಾ?

ಪಟ್ಟೆ_ಅಂಗಿ
ಹೇಳಬೇಡಿ. ಅದು ಟಿವಿಯವರು ಹಾಕುವ ಚಿತ್ರ, ಲೀಗ್‌ನ ಅಧಿಕೃತ ಗೆರೆ ಅಲ್ಲ. ಮೇಲಾಗಿ ಮುಖ್ಯ ಕ್ಯಾಮೆರಾ ಮೇಲಿನಿಂದ, ಹೆಚ್ಚಾಗಿ ಓರೆಯಿಂದ ನೋಡುತ್ತಿರುತ್ತದೆ. ಹತ್ತಿರದವನು ದಾಟಿದಂತೆಯೂ ದೂರದವನು ಹಿಂದಿದ್ದಂತೆಯೂ ಕಾಣಬಹುದು. ಗೆರೆಗೆ ನೇರವಾಗಿ, ಪಕ್ಕದಿಂದ ತೆಗೆದ ಶಾಟ್ ತೋರಿಸುವವರೆಗೆ ಕಾಯಿರಿ. ಟೋನಿಯದು ಅಂಥ ಶಾಟ್‌ನಲ್ಲಿ ನೋಡಿದರೂ ಆಫ್‌ಸೈಡೇ.